ನೆಚ್ಚಿ ಹೊರಟವರು

ಮಿರಜಿನಿಂದ ಬೆಳಗಾವಿಯ ಕಡೆಗೆ ಬರುವ ರೈಲುದಾರಿಯಲ್ಲಿ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡು ಎಂಬ ನಿಲ್ದಾಣಗಳು ಒಂದಾದ ಮೇಲೊಂದು ಬರುತ್ತವೆ. ಕಾಗವಾಡಕ್ಕೂ ಅಥಣಿಗೂ ಹೋಗತಕ್ಕವರು ಇವುಗಳಲ್ಲೊಂದರಲ್ಲಿ ಇಳಿದು ಮುಂದಿನ ದಾರಿ ಹಿಡಿಯುತ್ತಾರೆ. ನಿಪ್ಪಾಣಿಗೆ ರೈಲಿಲ್ಲ, ಅದು ಪುಣೆ-ಬೆಂಗಳೂರಿನ ಹೆದ್ದಾರಿಯ ಮೇಲಿನ ಊರು. ಶ್ರೋತೃಗಳಲ್ಲಿ ಅನೇಕರು ಈ ಹೆಸರುಗಳನ್ನು ನಿದ್ದೆಗಣ್ಣಿನಲ್ಲಿ ಬಂಡಿಯ ಕಿಟಕಿಯಿಂದ ಓದಿದ್ದಿರಬಹುದು. ಇಳಿದು ನೋಡಿದವರು ಕಡಿಮೆ. ಇಳಿದವರಿಗೆ ಮೊದಲು ಕಿವಿಗೆ ಬೀಳುವುದು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕನ್ನಡವೂ ಮರಾಠಿಯೂ ಕೂಡಿ ಆಡುವ ಮಾತು.

ಈ ಸೀಮೆ ದಾರಿಹೋಕರನ್ನು ಬಲ್ಲ ಸೀಮೆ. ಮಾಘಮಾಸದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಎತ್ತಿನ ಗಾಡಿಗಳ ಸಾಲು ಬರುತ್ತದೆ. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಆದಿಲಶಾಹಿಯ ಕಾಲಕ್ಕೆ ಡಚ್ಚರೂ ಇಂಗ್ಲಿಷರೂ ವ್ಯಾಪಾರವನ್ನರಸಿ ರಾಯಬಾಗ, ಅಥಣಿಗಳ ಪೇಟೆಯವರೆಗೆ ಬಂದಿದ್ದರು. ಆದರೆ ಜಾತ್ರೆಗೆ ಬರುವವನಿಗೂ ಪೇಟೆಗೆ ಬರುವವನಿಗೂ ತಾನೆಲ್ಲಿಗೆ ಹೋಗುತ್ತಿರುವೆನೆಂಬುದು ಗೊತ್ತು. ಅದು ಗೊತ್ತಿಲ್ಲದೆಯೇ, ಗೊತ್ತುಮಾಡಿಕೊಳ್ಳುವ ಹೊಣೆಯನ್ನು ಇನ್ನೊಬ್ಬನ ಮೇಲೆ ಹಾಕಿ ಹೊರಡುವವರು ಬೇರೆ. ಚರಜಂಗಮನು ಹಾಗೆ ಹೊರಟವನು. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳನ್ನು (೧೮೩೬–೧೯೨೧) ಜನ ಇಂದಿಗೂ ನೆನೆಯುವುದು ಆ ಬಗೆಯ ನಿಶ್ಚಿಂತೆಗಾಗಿ. ಜೈನಮುನಿಗಳ ವಿಹಾರವೂ ಅಂಥದೇ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಒಂದೆಡೆ ನಿಂತು, ಉಳಿದ ದಿನಗಳಲ್ಲಿ ಬರಿಗಾಲಿನಲ್ಲಿ ಊರಿಂದೂರಿಗೆ ಹೋಗುವುದು ಅವರ ನಿಯಮ.

ನಾವು ಇಂದು ಹೇಳಹೊರಟಿರುವುದು ಹೀಗೆ ನೆಚ್ಚಿ ಹೊರಡುವವರಲ್ಲಿ ಮತ್ತೊಂದು ಪಂಗಡದವರ ವಿಷಯ. ಕ್ರೈಸ್ತಸಭೆಗಳಲ್ಲಿ ಈಚಿನ ಕಾಲದಲ್ಲಿ ಒಂದು ಪದ್ಧತಿ ಬೆಳೆದಿದೆ. ಅಮೆರಿಕದಿಂದಲೋ ಕೊರಿಯದಿಂದಲೋ ಹತ್ತಾರು ಮಂದಿ ಕೂಡಿಕೊಂಡು ಹತ್ತು ದಿನ, ಮೂರು ವಾರ, ಹೆಚ್ಚೆಂದರೆ ಮೂರು ತಿಂಗಳ ಅವಧಿಗೆ ಪರದೇಶಕ್ಕೆ ಸೇವೆಗಾಗಿ ಹೋಗಿಬರುತ್ತಾರೆ. ನಮ್ಮ ನಾಡಿನ ತರುಣರೂ ಹಾಗೆ ಹೊರದೇಶಗಳಿಗೆ ಹೋಗುವುದುಂಟು. ಹೋಗುವವರೆಲ್ಲರೂ ಹೇಳುವ ಮಾತೊಂದಿದೆ: ದೇವರು ನಮ್ಮನ್ನು ಇಲ್ಲಿಗೆ ನಡೆಸಿದನು, ಮುಂದೆಯೂ ನಡೆಸುವನು, ಎಂದು. ಈ ಮಾತನ್ನು ಪರಿಹಾಸ ಮಾಡುವುದು ಸುಲಭ; ಓದಿದವರಲ್ಲಿ ಅದು ವಾಡಿಕೆಯೂ ಆಗಿದೆ. ನಮಗೆ ಆ ಪರಿಹಾಸದಲ್ಲಿ ರುಚಿಯಿಲ್ಲ. ದೇವರು ಮನುಷ್ಯರನ್ನು ನಡೆಸುತ್ತಾನೆಂಬುದನ್ನು ನಾವೂ ನಂಬಿದವರೇ. ಆದರೆ ನಡೆಸಿದನೆಂಬುದನ್ನು ಅರಿಯುವ ಬಗೆ ಹೇಗೆ? ಇಪ್ಪತ್ತು ದಿನದಲ್ಲಿ ಹಿಂದಿರುಗತಕ್ಕವನು ಅದನ್ನು ಅರಿಯಬಲ್ಲನೆ? ಅರಿತದ್ದು ತಪ್ಪಾದರೆ ಅದರ ಬೆಲೆಯನ್ನು ತೆರುವವರು ಯಾರು?

ಕಡೆಯ ಪ್ರಶ್ನೆಯಿಂದಲೇ ತೊಡಗೋಣ. ಅದಕ್ಕೆ ಉತ್ತರವನ್ನು ಈ ಸೀಮೆಯೇ ಇಟ್ಟುಕೊಂಡಿದೆ. ಜೈನಮುನಿಗಳ ತಪಸ್ಸುಗಳಲ್ಲಿ ವೃತ್ತಿಪರಿಸಂಖ್ಯಾನ ಎಂಬುದೊಂದು. ದಿನಕ್ಕೊಮ್ಮೆ ಮಾತ್ರ ಆಹಾರ ಕೊಳ್ಳುವ ಮುನಿ, ಆಹಾರಕ್ಕೆ ಹೊರಡುವ ಮುನ್ನ ಮನಸ್ಸಿನೊಳಗೆ ಒಂದು ಸಂಕಲ್ಪ ಮಾಡಿಕೊಳ್ಳುತ್ತಾನೆ: ಇಂಥ ಬೀದಿಯಲ್ಲಿ, ಇಂಥ ಗುರುತು ಹಿಡಿದ ದಂಪತಿಗಳು ಎದುರಾಗಿ ಕರೆದರೆ ಮಾತ್ರ ಇಂದಿನ ಆಹಾರ, ಎಂದು. ಆ ಗುರುತನ್ನು ಯಾರಿಗೂ ಹೇಳುವುದಿಲ್ಲ. ಶ್ರಾವಕರು ತಮ್ಮ ತಮ್ಮ ಬಾಗಿಲಲ್ಲಿ ಒಬ್ಬರು ಕಲಶ ಹಿಡಿದು, ಒಬ್ಬರು ಹಣ್ಣು ಹಿಡಿದು ನಿಂತಿರುತ್ತಾರೆ. ಗುರುತು ಕೂಡಿ ಬಂದರೆ ಮುನಿ ನಿಲ್ಲುತ್ತಾನೆ. ಬಾರದಿದ್ದರೆ ಮೌನವಾಗಿ ಹಿಂದಿರುಗಿ ಆ ದಿನ ಉಪವಾಸ. ಚಿಕ್ಕೋಡಿ-ನಿಪ್ಪಾಣಿಗಳ ನೆರೆಯ ಭೋಜ ಗ್ರಾಮದ ಮನೆತನದಲ್ಲಿ ಬೆಳೆದು, ೧೯೨೦ರಲ್ಲಿ ಮುನಿದೀಕ್ಷೆ ಹೊಂದಿ, ದಿಗಂಬರ ಮುನಿಮಾರ್ಗವನ್ನು ಈ ಕಾಲದಲ್ಲಿ ಮತ್ತೆ ನೆಲೆಗೊಳಿಸಿದ ಆಚಾರ್ಯ ಶಾಂತಿಸಾಗರರು (೧೮೭೨–೧೯೫೫) ಇಂಥ ನಿಯಮಗಳನ್ನು ಹೊತ್ತುಕೊಂಡೇ ೧೯೨೭ರಲ್ಲಿ ದಕ್ಷಿಣದಿಂದ ಸಮ್ಮೇದಶಿಖರದ ಕಡೆಗೆ ನಡೆದು ಹೊರಟರು.

ಗುರುತು ಕೇಳುವುದು ಕ್ರೈಸ್ತರ ವೇದಗ್ರಂಥದಲ್ಲಿಯೂ ಉಂಟು. ನ್ಯಾಯಸ್ಥಾಪಕರ ಕಾಲದ ಗಿಡಿಯೋನನು ಕಣದಲ್ಲಿ ಕುರಿಯ ಉಣ್ಣೆಯನ್ನು ಹರವಿ, ಇಬ್ಬನಿ ಅದರ ಮೇಲೆ ಮಾತ್ರ ಬೀಳಲಿ ಎಂದು ಒಮ್ಮೆಯೂ, ಅದನ್ನು ಬಿಟ್ಟು ಸುತ್ತಲಿನ ನೆಲದ ಮೇಲೆ ಬೀಳಲಿ ಎಂದು ಮತ್ತೊಮ್ಮೆಯೂ ದೇವರನ್ನು ಪರೀಕ್ಷಿಸಿದನು. ಪರದೇಶಯಾತ್ರೆಗೆ ಹೊರಡುವವರು ಈ ಕಥೆಯನ್ನು ಬಹಳವಾಗಿ ನೆನೆಯುತ್ತಾರೆ. ನಮಗೆ ಮುನಿಯ ಸಂಕಲ್ಪವೇ ಹೆಚ್ಚು ಪ್ರಾಮಾಣಿಕವಾಗಿ ತೋರುತ್ತದೆ. ಏಕೆಂದರೆ ಅಲ್ಲಿ ಗುರುತು ಸಿಕ್ಕದಿದ್ದರೆ ಹಸಿಯುವವನು ಕೇಳಿದವನೇ. ಬಾಗಿಲಲ್ಲಿ ನಿಂತ ಗೃಹಸ್ಥನ ಮನೆಯ ಅನ್ನ ಕೆಡುವುದಿಲ್ಲ. ಅವನ ಮೇಲೆ ದೂರೂ ಇಲ್ಲ.

ಇನ್ನು, ನಡೆಸುವಿಕೆಯನ್ನು ಅರಿಯುವ ಬಗೆ. ಕ್ರೈಸ್ತರಲ್ಲಿ ಪರದೇಶಯಾತ್ರೆಗೆಲ್ಲ ಮೂಲಮಾತೃಕೆಯೆನ್ನಬಹುದಾದ ಪ್ರಸಂಗ ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥದ ಹದಿನಾರನೆಯ ಅಧ್ಯಾಯದಲ್ಲಿದೆ. ಪೌಲನು ಆಸ್ಯ ಸೀಮೆಯಲ್ಲಿ ಉಪದೇಶ ಮಾಡಬೇಕೆಂದಿದ್ದನು; ತಡೆಯಾಯಿತು. ಬಿಥೂನ್ಯಕ್ಕೆ ಹೋಗಲು ಯತ್ನಿಸಿದನು, ಅದಕ್ಕೂ ತಡೆ. ಹೀಗೆ ಎರಡು ಬಾಗಿಲು ಮುಚ್ಚಿದ ಮೇಲೆ ಕಡಲದಡದ ತ್ರೋವ ಪಟ್ಟಣದಲ್ಲಿ ರಾತ್ರಿ ಅವನಿಗೆ ಒಂದು ದರ್ಶನವಾಯಿತು. ಮಕೆದೋನ್ಯದ ಗಂಡಸೊಬ್ಬನು ನಿಂತುಕೊಂಡು, ಈ ಕಡೆಗೆ ಬಂದು ನಮಗೆ ನೆರವಾಗೆಂದು ಬೇಡಿಕೊಂಡನು. ಪೌಲನ ಸಂಗಡಿಗರು ಇದನ್ನು ದೇವರ ಕರೆಯೆಂದೇ ನಿಶ್ಚಯಿಸಿ ಹಡಗು ಹತ್ತಿದರು.

ಮುಂದಿನದನ್ನು ಗಮನವಿಟ್ಟು ಓದಬೇಕು. ಫಿಲಿಪ್ಪಿ ಪಟ್ಟಣಕ್ಕೆ ಬಂದು ಕೆಲವು ದಿವಸ ಕಳೆಯಿತು. ದರ್ಶನದಲ್ಲಿ ಕಂಡ ಆ ಗಂಡಸು ಎದುರಾದನೆಂದು ಗ್ರಂಥದಲ್ಲಿ ಎಲ್ಲಿಯೂ ಹೇಳಿಲ್ಲ. ಸಬ್ಬತ್ ದಿನ ಊರ ಬಾಗಿಲ ಹೊರಗೆ ಹೊಳೆಯ ದಡದಲ್ಲಿ ಪ್ರಾರ್ಥನೆಗೆ ಕೂಡಿದ್ದವರು ಹೆಂಗಸರು. ಅವರಲ್ಲಿ ಮಾತು ಕಿವಿಗೆ ಹಾಕಿಕೊಂಡವಳು ಲುದ್ಯ. ಧೂಮ್ರವರ್ಣದ ವಸ್ತ್ರ ಮಾರುವ ವ್ಯಾಪಾರಗಾರ್ತಿ. ಅವಳೂ ಮಕೆದೋನ್ಯದವಳಲ್ಲ; ಥುವತೈರದವಳು, ಎಂದರೆ ಪೌಲನಿಗೆ ಉಪದೇಶ ಮಾಡಬೇಡವೆಂದು ತಡೆಯಾಗಿತ್ತಲ್ಲ, ಆ ಆಸ್ಯ ಸೀಮೆಯವಳು. ತನ್ನ ಮನೆಗೆ ಬಂದು ಇಳಿಯಬೇಕೆಂದು ಅವಳು ಬಲವಂತ ಮಾಡಿದಳು; ಯಾತ್ರಿಕರು ಒಪ್ಪಿದರು. ಕರೆದವನೊಬ್ಬ, ಕಾದಿದ್ದವಳು ಇನ್ನೊಬ್ಬಳು. ದರ್ಶನವನ್ನೇ ಬಿಗಿಯಾಗಿ ಹಿಡಿದು ಗಂಡಸನ್ನು ಹುಡುಕುತ್ತ ಹೋಗಿದ್ದರೆ ಪೌಲನು ಹೊಳೆಯ ದಡಕ್ಕೆ ಹೋಗುತ್ತಲೇ ಇರಲಿಲ್ಲ.

ಇದನ್ನು ಒಂದು ಹಳೆಯ ಗ್ರಂಥದ ವಿಚಿತ್ರವೆಂದು ಬಿಡುವಂತಿಲ್ಲ. ಕನ್ನಡನಾಡಿನ ಮಿಷನರಿಗಳ ಚರಿತ್ರೆಯಲ್ಲಿ ಇದೇ ಮಾದರಿ ಮತ್ತೆ ಮತ್ತೆ ಕಾಣುತ್ತದೆ. ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನವರು ೧೮೨೦ರಲ್ಲಿ ನೆಲೆಯೂರಿದರು. ೧೯೦೪ರಲ್ಲಿ ಆ ಕಾರ್ಯವು ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ಧಾರವಾಡ, ಹುಬ್ಬಳ್ಳಿಗಳಿಗೆ ಬಾಸೆಲ್ ಮಿಷನ್ನಿನವರು ಬಂದುದು ೧೮೩೭ರಿಂದೀಚೆಗೆ. ಅವರು ಬಂದ ಎರಡು ಮೂರು ವರ್ಷಗಳಲ್ಲಿಯೇ ಒಂದು ಸ್ವಾರಸ್ಯವಾದ ಪ್ರಸಂಗ ನಡೆಯಿತು. ಕಾಲಜ್ಞಾನದ ನುಡಿಗಳನ್ನು ನಂಬಿದ ಕೆಲವು ಲಿಂಗಾಯತರು, ತಮ್ಮ ನುಡಿಗಳಲ್ಲಿ ಹೇಳಿದ್ದವರು ಇವರೇ ಇರಬೇಕೆಂದು ಹುಬ್ಬಳ್ಳಿಯ ಮಿಷನರಿಗಳಲ್ಲಿಗೆ ಬಂದರು. ಮಿಷನರಿಗಳಾದರೋ ದೇವರೇ ಬಾಗಿಲು ತೆರೆದನೆಂದು ಹಿಗ್ಗಿದರು. ಎರಡು ಕಡೆಯವರೂ ತಮ್ಮ ತಮ್ಮ ಪುಸ್ತಕಗಳಲ್ಲಿ ಗುರುತು ಕಂಡಿದ್ದರು! ಗದಗಿನ ಹತ್ತಿರ ಮಲಸಮುದ್ರದಲ್ಲಿ ಅವರಿಗಾಗಿ ಒಂದು ವಸಾಹತನ್ನು ಕಟ್ಟುವ ಯತ್ನವೂ ನಡೆಯಿತು. ನಿರೀಕ್ಷಿಸಿದ ಜನ ಬರಲಿಲ್ಲ. ವಸಾಹತು ಏಳಿಗೆಗೆ ಬರಲಿಲ್ಲ.

ಆ ಯತ್ನದಲ್ಲಿ ಮುಂದಾಗಿ ನಿಂತಿದ್ದವನು ಹರ್ಮನ್ ಮೋಗ್ಲಿಂಗ್; ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ೧೮೪೩ರಲ್ಲಿ ಹೊರಡಿಸಿದವನು, ನಮ್ಮ ಪ್ರಾಚೀನ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಅಚ್ಚುಹಾಕಿಸಿದವನು. ಒಮ್ಮೆ ಗುರುತನ್ನು ನಂಬಿ ಕೈಸುಟ್ಟುಕೊಂಡವನು ಮತ್ತೊಮ್ಮೆ ನಂಬಲಾರನೆಂದು ನಾವು ಎಣಿಸುತ್ತೇವೆ. ಆದರೆ ೧೮೫೨ರ ಹೊತ್ತಿಗೆ ಅವನು ಯೂರೋಪಿಗೆ ಹಿಂದಿರುಗುವ ಸಿದ್ಧತೆಯಲ್ಲಿದ್ದಾಗ ಕೊಡಗಿನ ಆಲಮಂಡದ ಸೋಮಯ್ಯನೆಂಬವನು, ಸಂನ್ಯಾಸಿಯಾಗಿ ಅಲೆದವನು, ಮಂಗಳೂರಿಗೆ ಬಂದು ಅವನನ್ನು ಕಂಡನು. ಮೋಗ್ಲಿಂಗನು ಊರಿಗೆ ಹೋಗುವುದನ್ನು ಬಿಟ್ಟು ಕೊಡಗಿನ ದಾರಿ ಹಿಡಿದನು. ಬಾಸೆಲಿನ ಮಂಡಲಿಗೆ ಇದು ಒಪ್ಪಿಗೆಯಾಗಲಿಲ್ಲ. ಕೆಲವು ವರ್ಷ ಅವನು ತನ್ನ ಹೊಣೆಯ ಮೇಲೆಯೇ ಅಲ್ಲಿ ಕೆಲಸ ಮಾಡಬೇಕಾಯಿತು. ಅಲ್ಲಿಯೂ ನೋಡಿ: ಕರೆದವನು ಕೊಡವನು. ಆದರೆ ಕೊಡವರು ಬಹುಮಟ್ಟಿಗೆ ದೂರವೇ ಉಳಿದರು. ಬಂದವರು ಹೊಲೆಯರೆಂದು ಆ ಕಾಲದಲ್ಲಿ ಕರೆಯಲ್ಪಡುತ್ತಿದ್ದ, ಗದ್ದೆಗಳಲ್ಲಿ ಜೀತದಂತೆ ದುಡಿಯುತ್ತಿದ್ದ ಜನ. ಅವರಿಗಾಗಿ ಆನಂದಪುರವೆಂಬ ಊರು ಏರ್ಪಟ್ಟಿತು. ಮಲಸಮುದ್ರದಲ್ಲಿ ಮಿಷನರಿಯು ತಾನು ನಿರೀಕ್ಷಿಸಿದವರನ್ನೇ ಕಾದನು. ಕೊಡಗಿನಲ್ಲಿ ಬಾಗಿಲಿಗೆ ಬಂದವರನ್ನು ಸೇರಿಸಿಕೊಂಡನು.

ಇನ್ನು ನಮ್ಮ ಐದು ಊರುಗಳಿಗೆ ನೆರೆಯಲ್ಲೇ ಇರುವ ನಿದರ್ಶನ ಮಿರಜಿನದು. ಕೆನಡಾ ದೇಶದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್ ಎಂಬ ವೈದ್ಯನು ಅಮೆರಿಕದ ಪ್ರೆಸ್ಬಿಟೀರಿಯನ್ ಮಿಷನ್ನಿನ ಕಡೆಯಿಂದ ೧೮೮೯ರಲ್ಲಿ ಬಂದು, ಮೊದಲು ಸಾಂಗಲಿಯಲ್ಲಿ ತೊಡಗಿ, ಆಮೇಲೆ ಮಿರಜಿನಲ್ಲಿ ೧೮೯೪ರಲ್ಲಿ ಆಸ್ಪತ್ರೆಯನ್ನು ತೆರೆದನು. ಮಿರಜು ರೈಲುಗಳು ಕೂಡುವ ಜಾಗ. ಕಾಗವಾಡದಿಂದ ಗಾಡಿಯಲ್ಲಿ ಒಂದು ಹೊತ್ತಿನ ದಾರಿ. ರಾಯಬಾಗ, ಚಿಕ್ಕೋಡಿಗಳಿಂದ ರೈಲಿನಲ್ಲಿ ಕೆಲವು ತಾಸು. ಈ ಕಡೆಯ ಹಳ್ಳಿಗಳಲ್ಲಿ ಕಣ್ಣಿಗೆ ಪೊರೆ ಬಂದವರು, ಹೊಟ್ಟೆಯಲ್ಲಿ ಗಡ್ಡೆ ಬೆಳೆದವರು 'ಮಿರಜಿಗೆ ಹೋಗು' ಎಂಬ ಮಾತನ್ನು ಕೇಳಿ ಬೆಳೆದವರೇ. ವಾನ್ಲೆಸನು ಸುಮಾರು ನಾಲ್ವತ್ತು ವರ್ಷ ಉಳಿದನು. ೧೯೨೮ರಲ್ಲಿ 'ಸರ್' ಪದವಿ ಪಡೆದನು. ೧೯೩೩ರಲ್ಲಿ ಅಮೆರಿಕದಲ್ಲಿ ತೀರಿಕೊಂಡನು. ಇದು ಅಲ್ಪಾವಧಿಯ ಯಾತ್ರೆಯಲ್ಲವೆಂದು ಶ್ರೋತೃಗಳು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಆ ಕಾಲದಲ್ಲಿ ಅಲ್ಪಾವಧಿಯ ಯಾತ್ರೆ ಎಂಬುದೇ ಅಪೂರ್ವ. ೧೮೬೯ರಲ್ಲಿ ಸುಯೆಜ್ ಕಾಲುವೆ ತೆರೆಯುವ ಮುನ್ನ ಆಫ್ರಿಕವನ್ನು ಬಳಸಿ ಬರುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಎರಡು ವಾರದ ಕೆಲಸಕ್ಕೆ ಯಾರು ಬಂದಾರು? ಇಂದಿನ ಪದ್ಧತಿ ವಿಮಾನದ ಕೂಸು. ಹಡಗಿನವನಿಗೆ ಭಾಷೆಯ ಮೊದಲ ಪಾಠವನ್ನು ಓದಲೂ ತನ್ನ ನಿಶ್ಚಯವನ್ನು ತೂಗಿ ನೋಡಲೂ ಬಿಡುವಿರುತ್ತಿತ್ತು. ವಿಮಾನದವನು ಮಧ್ಯರಾತ್ರಿ ಇಳಿದು ಬೆಳಿಗ್ಗೆ ವೇದಿಕೆ ಹತ್ತುತ್ತಾನೆ.

ಅಲ್ಪಕಾಲದ ಪರದೇಶಯಾತ್ರೆಯ ನಿಜವಾದ ನಿದರ್ಶನ ಬೇಕಾದರೆ ಈ ನಾಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳ ಚರಿತ್ರೆಯನ್ನು ನೋಡಬೇಕು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ೧೮೫೮ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರನ್ನು ಮಹಾರಾಷ್ಟ್ರದವರೆಂದೇ ನಾವೆಲ್ಲ ಎಣಿಸಿದ್ದೇವೆ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದ ಅಪರಾಧಕ್ಕಾಗಿ ಜನರ ವಿರೋಧ ಕಟ್ಟಿಕೊಂಡು ಆ ಕಾಡನ್ನು ಸೇರಿದ್ದವರು. ಮುಂದೆ ಸಂಸಾರವೆಲ್ಲ ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯಿತು. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಉಳಿದ ಅಣ್ಣತಂಗಿಯರು ದೇಶವನ್ನೆಲ್ಲ ಕಾಲಿನಲ್ಲಿ ಸುತ್ತಿ ೧೮೭೮ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿನ ವಿದ್ವಾಂಸರು ರಮಾಬಾಯಿಯವರಿಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟರು. ನೆಚ್ಚಿ ಹೊರಡುವುದೇನೆಂಬುದು ಈಕೆಗೆ ಬೈಬಲನ್ನು ಕಾಣುವ ಮೊದಲೇ, ಹಸಿದ ಹೊಟ್ಟೆಯಲ್ಲಿ, ಗೊತ್ತಿತ್ತೆನ್ನಬೇಕು.

ಅಣ್ಣನೂ ಸತ್ತು, ಮದುವೆಯಾದ ಎರಡು ವರ್ಷದೊಳಗೆ ಗಂಡನೂ ಸತ್ತು, ಎಳೆಯ ಮಗಳು ಮನೋರಮೆಯೊಡನೆ ೧೮೮೩ರಲ್ಲಿ ರಮಾಬಾಯಿಯವರು ವೈದ್ಯವಿದ್ಯೆ ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು. ದಾರಿಯ ಖರ್ಚಿಗೆ 'ಸ್ತ್ರೀಧರ್ಮನೀತಿ' ಎಂಬ ತಮ್ಮ ಪುಸ್ತಕ ಮಾರಿದ ಹಣ. ಕಿವಿ ಮಂದವಾಗುತ್ತ ಬಂದು ವೈದ್ಯವಿದ್ಯೆ ಕೈಬಿಟ್ಟಿತು; ಹೋದ ಉದ್ದೇಶವೇ ಮುರಿಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ವಾಂಟೇಜಿನಲ್ಲಿ ಅವರು ಕ್ರೈಸ್ತ ದೀಕ್ಷೆ ಹೊಂದಿದರು. ಮಠದ ಸೋದರಿಯರು ಪ್ರೀತಿಯಿಂದ ನೋಡಿಕೊಂಡರು. ಅದರೊಡನೆ, ಇನ್ನು ಮುಂದೆ ಈಕೆ ಹೇಗೆ ನಂಬಬೇಕು, ಏನು ತಿನ್ನಬೇಕು, ಯಾರಿಗೆ ಪಾಠ ಹೇಳಬೇಕು ಎಂಬುದನ್ನೂ ತಾವೇ ಗೊತ್ತುಮಾಡಹೊರಟರು. ರಮಾಬಾಯಿಯವರು ಮಾಂಸ ಮುಟ್ಟಲಿಲ್ಲ. ಕೊರಳಿನ ಶಿಲುಬೆಯ ಮೇಲೆ ತನಗೆ ತಿಳಿಯದ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತ ಏಕಾಗದು, ಎಂದು ಕೇಳಿದರು. ಗಂಡಸರಿಗೆ ಸಂಸ್ಕೃತ ಕಲಿಸಕೂಡದೆಂದು ಬಿಷಪ್ಪರು ಅಡ್ಡಿಮಾಡಿದಾಗ, ತನ್ನ ಮನಸ್ಸಾಕ್ಷಿಯನ್ನು ಒಬ್ಬ ಪುರೋಹಿತರ ಕೈಯಿಂದ ಬಿಡಿಸಿಕೊಂಡು ಇನ್ನೊಬ್ಬರ ಕೈಗೆ ಕೊಡಲು ಬಂದವಳು ತಾನಲ್ಲವೆಂಬ ಭಾವದಲ್ಲಿ ಉತ್ತರ ಬರೆದರು. ದೇವರು ನಡೆಸುವನೆಂಬುದರಲ್ಲಿ ಎರಡು ಪಕ್ಷಕ್ಕೂ ಸಂದೇಹವಿರಲಿಲ್ಲ. ಯಾರ ಬಾಯಿಂದ ನಡೆಸುವನೆಂಬುದೇ ವಾದ.

೧೮೮೬ರ ಆರಂಭದಲ್ಲಿ ಫಿಲಡೆಲ್ಫಿಯದಿಂದ ಕರೆ ಬಂತು. ಅಲ್ಲಿ ವೈದ್ಯಶಾಲೆಯಲ್ಲಿ ಓದುತ್ತಿದ್ದ ಬಂಧುವಾದ ಆನಂದೀಬಾಯಿ ಜೋಶಿಯವರಿಗೆ ಮಾರ್ಚಿ ೧೧ರಂದು ಪದವಿ ಕೊಡುವ ಸಮಾರಂಭ, ಬಂದು ನೋಡಿಹೋಗಬೇಕೆಂದು. ಸೋದರಿಯರಿಗೆ ಇದು ಇಷ್ಟವಿರಲಿಲ್ಲ. ರಮಾಬಾಯಿಯವರು ಹೋದರು. ಹೋದುದು ಒಂದು ಸಮಾರಂಭಕ್ಕೆ, ಸ್ವಲ್ಪಕಾಲ ಇದ್ದು ಬರುವುದಕ್ಕೆ. ಉಳಿದುದು ಸುಮಾರು ಮೂರು ವರ್ಷ. ಯಾರನ್ನು ನೋಡಲು ಹೋದರೋ ಆ ಆನಂದೀಬಾಯಿಯವರು ಅದೇ ವರ್ಷ ಸ್ವದೇಶಕ್ಕೆ ಹಿಂದಿರುಗಿ ೧೮೮೭ರ ಫೆಬ್ರುವರಿಯಲ್ಲಿ ಇಪ್ಪತ್ತೊಂದರ ವಯಸ್ಸಿಗೇ ಕಣ್ಮುಚ್ಚಿದರು. ರಮಾಬಾಯಿಯವರು ಅಮೆರಿಕದ ಊರೂರಿನಲ್ಲಿ ಭಾಷಣ ಮಾಡಿ, ಮಕ್ಕಳ ಶಾಲೆಗಳನ್ನು ನೋಡಿ, ಉಚ್ಚವರ್ಣದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ೧೮೮೭ರ ಕೊನೆಯಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘವೇರ್ಪಟ್ಟು, ಬಾಲವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡಲು ಒಪ್ಪಿತು. ೧೮೮೯ರ ಮಾರ್ಚಿ ೧೧ರಂದು ಮುಂಬಯಿಯಲ್ಲಿ ಶಾರದಾಸದನ ತೆರೆಯಿತು. ಮಾರ್ಚಿ ೧೧ ಎಂಬ ತಾರೀಖು ಎರಡು ಸಲ ಬಂದುದನ್ನು ಶ್ರೋತೃಗಳು ಗಮನಿಸಿರಬಹುದು. ಅದನ್ನು ಗುರುತೆನ್ನುವವರು ಎನ್ನಲಿ.

ಆದರೆ ನಮ್ಮ ವಿಷಯಕ್ಕೆ ಇದಕ್ಕಿಂತಲೂ ಹತ್ತಿರವಾದುದು ಅವರ ಎರಡನೆಯ ಅಮೆರಿಕಯಾತ್ರೆ. ೧೮೯೬-೯೭ರ ಕ್ಷಾಮದಲ್ಲಿ ಅವರು ಮಧ್ಯಪ್ರಾಂತಗಳಿಗೆ ಹೋಗಿ, ಹಸಿದು ದಿಕ್ಕುಗೆಟ್ಟ ನೂರಾರು ಹುಡುಗಿಯರನ್ನು ಕರೆತಂದಿದ್ದರು. ಪುಣೆ-ಸೋಲಾಪುರದ ದಾರಿಯಲ್ಲಿರುವ ಕೇಡಗಾಂವದಲ್ಲಿ ಅವರಿಗೆ ಬಿಡಾರ ಎದ್ದಿತ್ತು. ಅಷ್ಟರಲ್ಲಿ ಬಾಸ್ಟನ್ ಸಂಘದ ಹತ್ತು ವರ್ಷದ ಮಾತು ೧೮೯೮ಕ್ಕೆ ಮುಗಿಯಿತು. ಮುಂದಿನ ಅಕ್ಕಿ ಎಲ್ಲಿಂದ? ಆ ವರ್ಷ ರಮಾಬಾಯಿಯವರು ಮಿನ್ನಿ ಏಬ್ರಮ್ಸ್ ಮೊದಲಾದ ಸಹಾಯಕರಿಗೆ ಮನೆಯನ್ನು ಒಪ್ಪಿಸಿ ಕೆಲವೇ ತಿಂಗಳ ಮಟ್ಟಿಗೆ ಕಡಲು ದಾಟಿದರು. ಅವರು ದೇವರನ್ನು ನೆಚ್ಚುವ ವಿಷಯದಲ್ಲಿ ಬ್ರಿಸ್ಟಲ್ಲಿನ ಅನಾಥಾಲಯದ ಜಾರ್ಜ್ ಮುಲ್ಲರನ ಹಾದಿಯನ್ನು ಮೆಚ್ಚಿದವರು. ಹಾಗೆಂದು ಲೆಕ್ಕವನ್ನು ಬಿಟ್ಟುಕೊಟ್ಟವರಲ್ಲ. ಹಳೆಯ ಸಂಘದವರನ್ನು ಕಂಡು ಲೆಕ್ಕ ಒಪ್ಪಿಸಿ, ಹೊಸದಾಗಿ ಸಂಘವನ್ನು ಕಟ್ಟಿಸಿ ಹಿಂದಿರುಗಿದರು. ಬಾವಿ ತೋಡಿಸುವುದು, ತರಕಾರಿ ಬೆಳೆಸುವುದು, ನೇಯ್ಗೆ ಕಲಿಸುವುದು, ಅಚ್ಚುಕೂಟ ನಡೆಸುವುದು ಇವೆಲ್ಲ ಅವರ ಪ್ರಾರ್ಥನೆಯೊಡನೆ ಒಂದೇ ದಿನಚರಿಯಲ್ಲಿ ಸೇರಿದ್ದವು. ೧೯೦೦ರ ಕ್ಷಾಮದಲ್ಲಿ ಆ ಮುಕ್ತಿಸದನದ ಜನಸಂಖ್ಯೆ ಸಾವಿರವನ್ನು ಮೀರಿತು. ೧೯೧೨ರಲ್ಲಿ ಅಂದಿನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ ಅವರ ಕಡೆಯಿಂದ ಒಂದು ಶಾಲೆ ತೆರೆಯಿತು. ಮೂಲಭಾಷೆಗಳಿಂದ ಬೈಬಲನ್ನು ಮರಾಠಿಗೆ ತರುವ ಕೆಲಸದಲ್ಲಿ ಕಡೆಯವರೆಗೂ ತೊಡಗಿದ್ದು ೧೯೨೨ರಲ್ಲಿ ತೀರಿಕೊಂಡರು. ದೂರದೇಶಕ್ಕೆ ಹೋಗಿ ನಿಂತಾಗ ಅವರು ನೆಚ್ಚಿದ್ದ ದೇವರ ಹಿಂದೆ, ಕೇಡಗಾಂವದ ಅಡಿಗೆಮನೆಯಲ್ಲಿ ಕಾದಿದ್ದ ಆ ಹುಡುಗಿಯರ ತಟ್ಟೆಗಳು ಸದಾ ಕಾಣುತ್ತಿದ್ದುವೆಂದು ನಮಗೆ ತೋರುತ್ತದೆ.

ಈಗ ಇಂದಿನ ಮಾತಿಗೆ ಬರೋಣ. ಇಪ್ಪತ್ತು ಮಂದಿ ಪರದೇಶದವರು ಎರಡು ವಾರಕ್ಕೆ ಒಂದು ಹಳ್ಳಿಗೆ ಬಂದರೆನ್ನಿ. ಕಣ್ಣಿನ ಶಸ್ತ್ರವೈದ್ಯನೊಬ್ಬನಿಗೆ ಹತ್ತು ದಿನ ಸಾಕಷ್ಟು ದೀರ್ಘವಾದ ಕಾಲ; ಹತ್ತು ದಿನದಲ್ಲಿ ಎಷ್ಟು ಮನೆಗಳ ಅಜ್ಜಿಯರು ಮೊಮ್ಮಕ್ಕಳ ಮುಖ ಕಂಡಾರು! ಆದರೆ ದೇವಾಲಯದ ಗೋಡೆಗೆ ಸುಣ್ಣ ಬಳಿಯುವುದಕ್ಕೆ ಇಪ್ಪತ್ತು ವಿಮಾನದ ಟಿಕೆಟ್ಟುಗಳೇಕೆಂಬುದು ನಮ್ಮ ಅಲ್ಪಬುದ್ಧಿಗೆ ಹೊಳೆದಿಲ್ಲ. ನಿಪ್ಪಾಣಿಯಲ್ಲಿ ಸುಣ್ಣ ಬಳಿಯುವವರಿದ್ದಾರೆ; ಅವರಿಗೆ ಕೂಲಿಯೂ ಬೇಕಾಗಿದೆ. ಬಂದವರಿಗೆ ದುಭಾಷಿ ಬೇಕು, ಕಾಯಿಸಿದ ನೀರು ಬೇಕು, ಖಾರವಿಲ್ಲದ ಅಡಿಗೆ ಬೇಕು. ಮನೆಯೊಡತಿ ಜೋಳದ ರೊಟ್ಟಿ ಬಡಿಯುವ ಕೈಯಿಂದ ಎರಡು ವಾರ ಬೇರೆ ಅಡಿಗೆಯನ್ನೇ ಮಾಡುತ್ತಾಳೆ. ಹುಡುಗರು ತಮ್ಮ ಕೋಣೆ ಬಿಟ್ಟು ಮಾಳಿಗೆಯ ಮೇಲೆ ಮಲಗುತ್ತಾರೆ. ಅತಿಥಿಗಳಿಗೆ ಇದು ಸಂತೋಷದಿಂದಲೇ ಸಲ್ಲುತ್ತದೆ. ಅತಿಥಿಸತ್ಕಾರದಲ್ಲಿ ಈ ಸೀಮೆಯವರು ಯಾರಿಗೂ ಕಡಿಮೆಯಲ್ಲ. ಊರಿಗೆ ಮರಳಿದ ಅತಿಥಿಯು, ಹಾಸಿಗೆಯಿಂದ ಹಿಡಿದು ಅನ್ನದವರೆಗೆ ದೇವರೇ ಒದಗಿಸಿದನೆಂದು ಸಾಕ್ಷಿ ಹೇಳುತ್ತಾನೆ. ಮಾತು ಸುಳ್ಳಲ್ಲ. ಆದರೆ ದೇವರು ಯಾರ ಮನೆಯಿಂದ ಒದಗಿಸಿದನೆಂಬುದನ್ನೂ ಹೇಳಬಹುದಾಗಿತ್ತು. ಫಿಲಿಪ್ಪಿಯ ಕಥೆಯನ್ನು ಬರೆದವನು ಲುದ್ಯಳ ಹೆಸರನ್ನೂ ಊರನ್ನೂ ಕಸುಬನ್ನೂ ಬರೆದಿಟ್ಟಿದ್ದಾನೆ.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರವಾದುದು. ಪ್ರವಾಸದ ವೀಸಾ ಪಡೆದು ಬಂದವನು ಧರ್ಮಪ್ರಚಾರ ಮಾಡಕೂಡದೆಂಬುದು ಭಾರತ ಸರ್ಕಾರದ ನಿಯಮ. ಮಿಷನರಿಗಳಿಗೆ ಬೇರೆಯೇ ವೀಸಾ ಉಂಟು. ಈ ನಿಯಮ ಬೇಕೆ ಬೇಡವೆ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಉದ್ದೇಶವನ್ನು ಮರೆಮಾಚಿ ಬಂದು, ಗಡಿ ದಾಟಿಸಿದವನು ದೇವರು ಎಂದುಕೊಳ್ಳುವ ಯಾತ್ರಿಕನ ವಿಷಯ ನಮ್ಮ ಮುಂದಿದೆ. ಸಿಕ್ಕಿಬಿದ್ದರೆ ಅವನನ್ನು ಅವನ ದೇಶಕ್ಕೆ ಕಳುಹಿಸುತ್ತಾರೆ. ಅಲ್ಲಿ ಅವನಿಗೆ ಹಾರ ಹಾಕುವವರೂ ಇರಬಹುದು. ಠಾಣೆಯಲ್ಲಿ ಮರುದಿನ ಕೈಕಟ್ಟಿ ನಿಂತು ಉತ್ತರ ಹೇಳಬೇಕಾದವರು ಊರಿನ ಪಾದ್ರಿಗಳು. ಬಾವಿಕಟ್ಟೆಯಲ್ಲಿ ನೆರೆಹೊರೆಯವರ ನೋಟವನ್ನು ಎದುರಿಸಬೇಕಾದವಳು ಅವರ ಹೆಂಡತಿ. ಗುರುತು ತಪ್ಪಿದ ದಿನ ಉಪವಾಸ ಬಿದ್ದವರು ಯಾರು? ಭೋಜದ ಮುನಿಗಳ ನಿಯಮಕ್ಕೂ ಈ ಯಾತ್ರಿಕನ ನೆಚ್ಚಿಕೆಗೂ ಇರುವ ಅಂತರ ಇಲ್ಲಿಯೇ ಗೋಚರವಾಗುತ್ತದೆ.

ಹಾಗಾದರೆ ಹೋಗಲೇಬಾರದೆ? ಹೋಗಬಹುದು. ಹೋಗತಕ್ಕವರು ಅತಿಥೇಯರ ಕಡೆಯಿಂದ ಬರುವ 'ಬೇಡ' ಎಂಬ ಮಾತಿಗೂ 'ಬನ್ನಿ' ಎಂಬ ಮಾತಿಗಿರುವಷ್ಟೇ ಬೆಲೆಯಿದೆಯೆಂದು ತಿಳಿದು ಹೋಗಲಿ. ನಮ್ಮ ಕಡೆಯವರು ಅತಿಥಿಗೆ 'ಬೇಡ'ವೆಂದು ನೇರವಾಗಿ ಹೇಳರು. 'ನೋಡೋಣ' ಎನ್ನುತ್ತಾರೆ, 'ದೇವರ ಚಿತ್ತ' ಎನ್ನುತ್ತಾರೆ, ಇಲ್ಲವೆ ಸುಮ್ಮನೆ ಚಹಾ ತರಿಸುತ್ತಾರೆ. ಪೌಲನಿಗೆ ಆಸ್ಯದಲ್ಲಿಯೂ ಬಿಥೂನ್ಯದಲ್ಲಿಯೂ ಆದ ತಡೆ ಯಾವ ರೂಪದಲ್ಲಿ ಬಂತೆಂಬುದನ್ನು ಗ್ರಂಥ ಹೇಳುವುದಿಲ್ಲ. ಯಾರೋ ಒಬ್ಬರು 'ನೋಡೋಣ' ಎಂದಿದ್ದರೂ ಇರಬಹುದು. ಆ ಎರಡು ತಡೆಗಳನ್ನು ಪೌಲನ ಸಂಗಡಿಗರು ದರ್ಶನದಷ್ಟೇ ಶ್ರದ್ಧೆಯಿಂದ ದೇವರ ಲೆಕ್ಕಕ್ಕೆ ಬರೆದರೆಂಬುದು ಮಾತ್ರ ಸ್ಪಷ್ಟ.

ಫಿಲಿಪ್ಪಿಯಲ್ಲಿ ಪೌಲನು ಉಳಿದುದು ಬಹಳ ದಿವಸವಲ್ಲ. ಗಣಿ ಹೇಳುವ ಒಬ್ಬ ದಾಸಿಯ ನಿಮಿತ್ತವಾಗಿ ಗಲಭೆಯೆದ್ದು, ಛಡಿಯೇಟು ತಿಂದು, ಸೆರೆಮನೆಯಲ್ಲಿ ಒಂದು ರಾತ್ರಿ ಕಳೆದು, ಅಧಿಕಾರಿಗಳು ಊರು ಬಿಟ್ಟುಹೋಗಿರೆಂದು ಬೇಡಿಕೊಂಡ ಮೇಲೆ, ಲುದ್ಯಳ ಮನೆಗೆ ಹೋಗಿ ಎಲ್ಲರನ್ನೂ ಕಂಡು ಹೊರಟನು. ಅನಂತರದ ಕಾಲದಲ್ಲಿ ಅವನ ಕೊರತೆಯನ್ನು ಅರಿತು ಮತ್ತೆ ಮತ್ತೆ ಹಣ ಕಳುಹಿಸಿದ ಸಭೆ ಆ ಊರಿನದೇ. ಸೆರೆಯಲ್ಲಿದ್ದಾಗ ಅವನು ಅವರಿಗೆ ಬರೆದ ಪತ್ರ ಉಳಿದುಬಂದಿದೆ. ಅದರಲ್ಲಿ ಯುವೊದ್ಯ, ಸಂತುಕೆ ಎಂಬಿಬ್ಬರು ಹೆಂಗಸರನ್ನು ಹೆಸರು ಹಿಡಿದು ಕರೆದು, ನಿಮ್ಮಿಬ್ಬರ ಮನಸ್ತಾಪವನ್ನು ಬಿಡಿರೆಂದು ಬೇಡಿಕೊಂಡಿದ್ದಾನೆ. ಹಣ ತಂದುಕೊಟ್ಟು ಕಾಯಿಲೆ ಬಿದ್ದ ಎಪಫ್ರೊದೀತನ ಆರೋಗ್ಯದ ವಿಷಯವನ್ನೂ ಬರೆದಿದ್ದಾನೆ. ತ್ರೋವದ ಆ ರಾತ್ರಿ ಕಂಡ ಗಂಡಸಿನ ಮಾತು ಆ ಪತ್ರದಲ್ಲಿ ಎಲ್ಲಿಯೂ ಇಲ್ಲ.